ಆರಪ್ಪನವರಿಗೆ ಸಿಕ್ಕ ಇಂಗ್ಲಿಷ್ ಪದ

ಆ ಪದವನ್ನು ಟೈಪ್ ಮಾಡಿದವಳು ನಾನೇ. ಅರ್ಥ ಅರೆಬರೆ ಗೊತ್ತಿತ್ತು, ಸ್ಪೆಲಿಂಗ್ ಪೂರ್ತಿ ಗೊತ್ತಿತ್ತು. ನನ್ನ ಕೆಲಸಕ್ಕೆ ಎರಡನೆಯದು ಸಾಕು.

ವರ್ಷದ ಕೊನೆಗೆ ನಮ್ಮ ಕಚೇರಿಯಲ್ಲಿ ಪ್ರತಿಯೊಬ್ಬರ ಬಗ್ಗೆಯೂ ಮೇಲಧಿಕಾರಿ ಒಂದು ಗುಟ್ಟಿನ ವರದಿ ಬರೆಯುತ್ತಾರೆ. ದೊಡ್ಡ ಹುದ್ದೆಯವರಿಗೆ ಎರಡು ಪುಟ, ಗುಮಾಸ್ತರಿಗೆ ಅರ್ಧ ಪುಟ, ಲಿಫ್ಟು ನಡೆಸುವವರಿಗೆ ಒಂದು ಸಾಲು. ಆ ವರ್ಷ ಲಿಫ್ಟಿನವರ ಸಾಲಿನಲ್ಲಿ ಮೂರು ಇಂಗ್ಲಿಷ್ ಪದಗಳಿದ್ದವು: ಪಂಕ್ಚುಯಲ್, ಕ್ಲೀನ್, ಅಬ್‌ಸ್ಟಿನೇಟ್. ಮೂರು ಕಾರ್ಬನ್ ಪ್ರತಿ ತೆಗೆದು ಲಕೋಟೆಗೆ ಹಾಕಿ ಅಂಟಿಸಿದೆ. ಹೊಟ್ಟೆ ಹಸಿದಿತ್ತು, ಊಟಕ್ಕೆ ಹೋದೆ.

ನಮ್ಮದು ತೂಕ ಮತ್ತು ಅಳತೆಗಳ ಕಚೇರಿ. ಅಂಗಡಿಗಳ ತಕ್ಕಡಿ, ಬಟ್ಟು, ಲೀಟರು, ಮೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನಮ್ಮ ಕೆಲಸ. ನೆಲಮಹಡಿಯ ಮೇಲೆ ನಾಲ್ಕು ಮಹಡಿ, ಎಲ್ಲದಕ್ಕೂ ಸೇರಿ ಒಂದು ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಒಳಗೊಂದು ಹಿತ್ತಾಳೆ ಹಿಡಿ, ಹಿಡಿಯ ಪಕ್ಕದಲ್ಲಿ ಒಂದು ಸ್ಟೂಲು. ಹಿಡಿಯನ್ನು ಸರಿಯಾದ ಹೊತ್ತಿಗೆ ಬಿಡದಿದ್ದರೆ ಲಿಫ್ಟು ಮಹಡಿಗಿಂತ ಒಂದು ಗೇಣು ಕೆಳಗೋ ಮೇಲೋ ನಿಂತು ಹತ್ತುವವರನ್ನು ಎಡವಿಸುತ್ತಿತ್ತು. ಸ್ಟೂಲಿನ ಮೇಲೆ ಕೂತವರು ಹತ್ತೊಂಬತ್ತು ವರ್ಷದಲ್ಲಿ ಒಬ್ಬರನ್ನೂ ಎಡವಿಸಿರಲಿಲ್ಲ. ಅವರ ತಲೆಯ ಮೇಲೆ ಒಂದು ತಗಡಿನ ಫಲಕ: ಆರು ಜನ ಅಥವಾ ನಾಲ್ಕುನೂರ ಎಂಟು ಕಿಲೋ. ಏಳನೆಯವರು ಕಾಲಿಟ್ಟರೆ ಅವರು ಬಾಗಿಲಿಗೆ ಕೈ ಅಡ್ಡ ಹಿಡಿದು “ಆರೇ ಅಪ್ಪಾ” ಅನ್ನುತ್ತಿದ್ದರು. ಹೀಗಾಗಿ ಅವರ ಹೆಸರು ಆರಪ್ಪ ಎಂದಾಯಿತು. ಸಂಬಳದ ದಿನ ನಿಜವಾದ ಹೆಸರು ಕೂಗಿದರೆ ಅವರೇ ಒಂದು ಕ್ಷಣ ತಡವಾಗಿ ಓಗೊಡುತ್ತಿದ್ದರು.

ಆ ವರ್ಷ ಹೊಸ ದೊಡ್ಡ ಸಾಹೇಬರು ವರ್ಗವಾಗಿ ಬಂದರು. ಬಂದ ಎರಡನೇ ವಾರ ಬೆಳಿಗ್ಗೆ ಕೈಯಲ್ಲಿ ಫೈಲುಗಳ ಚೀಲ ಹಿಡಿದು ಲಿಫ್ಟಿಗೆ ಕಾಲಿಟ್ಟರು. ಒಳಗೆ ಆಗಲೇ ಆರು ಜನ, ಅವರಲ್ಲಿ ನಾನೂ ಒಬ್ಬಳು. ಆರಪ್ಪನವರ ಕೈ ಅಡ್ಡ ಬಂತು.

“ಆರೇ ಜನ ಸರ್. ಮುಂದಿನ ಸಲಕ್ಕೆ ಬನ್ನಿ.”

ಸಾಹೇಬರು ಸುತ್ತ ನೋಡಿದರು. ಮೂಲೆಯಲ್ಲಿ ತರಬೇತಿಗೆ ಬಂದಿದ್ದ ಇಬ್ಬರು ಹುಡುಗಿಯರಿದ್ದರು, ಕಡ್ಡಿಯಂಥವರು. ಅವರಿಬ್ಬರೂ ಸೇರಿದರೆ ಒಬ್ಬರ ತೂಕ, ತಾನು ಐವತ್ತೆಂಟು ಕಿಲೋ, ಬೇಕಾದರೆ ಲೆಕ್ಕ ಹಾಕಿ ಅಂದರು. ಒಳಗಿದ್ದವರೆಲ್ಲ ತೂಕದ ಪಂಡಿತರೇ. ಒಬ್ಬರು ಸಾಹೇಬರನ್ನೂ ಸೇರಿಸಿ ಬಾಯಲ್ಲೇ ಕೂಡಿ ಮುನ್ನೂರ ತೊಂಬತ್ತೊಂದು ಅಂದರು. ಫಲಕದ ಪ್ರಕಾರ ಇನ್ನೂ ಹದಿನೇಳು ಕಿಲೋಗೆ ಜಾಗ ಇತ್ತು.

“ತೂಕ ನನ್ನ ಕಣ್ಣಿಗೆ ಕಾಣಲ್ಲ ಸರ್” ಅಂದರು ಆರಪ್ಪ. “ತಲೆ ಕಾಣುತ್ತೆ.”

ಇಷ್ಟು ಹೊತ್ತಿಗೆ ನಮಗೆಲ್ಲ ಜ್ಞಾನೋದಯವಾಗಿ ಆರೂ ಜನ ಒಟ್ಟಿಗೇ ಹೊರಗಿಳಿದು ಜಾಗ ಬಿಟ್ಟುಕೊಟ್ಟೆವು. ಆದರೆ ಸಾಹೇಬರು ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಅವರು ನಡೆದು ಹತ್ತುತ್ತಿರುವಾಗ ನಾವು ಮೊದಲೇ ಮೇಲೆ ಮುಟ್ಟುವುದು ಹೇಗೆ? ಒಬ್ಬರ ಹಿಂದೊಬ್ಬರು ನಾವೂ ಮೆಟ್ಟಿಲು ಹತ್ತಿದೆವು. ಆರಪ್ಪ ಬಾಗಿಲೆಳೆದು, ಖಾಲಿ ಲಿಫ್ಟನ್ನು ನಾಲ್ಕನೇ ಮಹಡಿಗೆ ಒಯ್ದು, ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲದೆ ನಿಲ್ಲಿಸಿದರು.

ಸಾಹೇಬರು ಆಮೇಲೆ ಆ ವಿಷಯ ಎತ್ತಲಿಲ್ಲ. ವರ್ಷದ ಕೊನೆಗೆ ಆ ಮೂರು ಪದ ಬರೆದರು, ಮಾರನೇ ತಿಂಗಳು ನಿವೃತ್ತರಾದರು. ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮ ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಒಂದು ನಿಘಂಟು ಇತ್ತು. ವರದಿಯಲ್ಲಿ ಕೆಟ್ಟ ಮಾತಿದ್ದರೆ ಸಂಬಂಧಪಟ್ಟವರಿಗೆ ಪ್ರತಿ ಕಳಿಸಿ ಮೂವತ್ತು ದಿನದೊಳಗೆ ಉತ್ತರ ಕೇಳಬೇಕು ಅನ್ನುವುದು ನಿಯಮ. ಮೇಡಂ ನಿಘಂಟು ತೆರೆದು ನೋಡಿ, ಮೂರನೆಯ ಪದದ ಕೆಳಗೆ ಕೆಂಪು ಗೆರೆ ಎಳೆದು, ನೋಟೀಸು ಕಳಿಸಿದರು.

ಆರಪ್ಪ ಅದನ್ನು ಹಿಡಿದು ನನ್ನ ಮೇಜಿಗೆ ಬಂದರು. ಮೊದಲೆರಡು ಪದ ಅವರಿಗೆ ಗೊತ್ತಿತ್ತು. ಮೂರನೆಯದಕ್ಕೆ ಬೆರಳಿಟ್ಟು ಏನೆಂದು ಕೇಳಿದರು. ಗಟ್ಟಿ ಮನುಷ್ಯ ಅಂತ ಅರ್ಥ ಅಂದೆ. ಗಟ್ಟಿ ಇದ್ದರೆ ಕೆಂಪು ಗೆರೆ ಯಾಕೆ ಅಂದರು. ಗೆರೆ ನಾನು ಎಳೆದದ್ದಲ್ಲ ಅಂತ ನುಣುಚಿಕೊಂಡೆ.

ಅಲ್ಲಿಂದ ಮುಂದೆ ಲಿಫ್ಟು ಹತ್ತಿದವರಿಗೆಲ್ಲ ಆ ಪದದ ಅರ್ಥ ಹೇಳುವ ಕೆಲಸ ಬಿತ್ತು. ನೆಲಮಹಡಿಯಿಂದ ನಾಲ್ಕನೆಯದಕ್ಕೆ ನಲವತ್ತೈದು ಸೆಕೆಂಡು. ಅಷ್ಟರಲ್ಲಿ ಹೇಳಿ ಮುಗಿಸಬೇಕು. ಎರಡನೇ ಮಹಡಿಯ ಔಷಧಾಲಯದ ಡಾಕ್ಟರು, ಮದ್ದಿಗೆ ಬಗ್ಗದ ಕೆಮ್ಮಿಗೆ ಹಾಗನ್ನುತ್ತಾರೆ ಅಂದರು. ಕಾನೂನು ಸಲಹೆಗಾರರು, ಕಾನೂನಿನಲ್ಲಿ ಆ ಪದಕ್ಕೆ ಅರ್ಥವೇ ಇಲ್ಲ, ಆದ್ದರಿಂದ ಹೆದರಬೇಡಿ ಅಂದರು. ಮುದ್ರೆ ವಿಭಾಗದವರಲ್ಲಿ ಎರಡು ಪಂಗಡವಾಯಿತು. ಹಠ ಅಂದರೆ ಮಕ್ಕಳದ್ದು, ಮೊಂಡು ಅಂದರೆ ಬೈಗುಳ, ಜಿದ್ದಿಗೆ ಎದುರಾಳಿ ಬೇಕು, ಛಲ ಅಂದರೆ ಹೊಗಳಿಕೆ; ಇಂಗ್ಲಿಷಿನವರದ್ದು ಇದರಲ್ಲಿ ಯಾವುದು? ಒಂದು ಪಂಗಡ ಛಲ ಅಂದಿತು, ಇನ್ನೊಂದು ಮೊಂಡು ಅಂದಿತು. ಇಳಿಯಬೇಕಾದ ಮಹಡಿ ದಾಟಿದ ಮೇಲೂ ವಾದ ನಡೆದು, ಅವರೆಲ್ಲ ಮತ್ತೊಂದು ಸುತ್ತು ಕೆಳಗೆ ಹೋಗಿ ಬಂದರು. ಆರಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ಇಷ್ಟೇ: ಒಂದೊಂದು ಮಹಡಿಗೆ ಒಂದೊಂದು ಅರ್ಥ ಇರುವ ಪದವನ್ನು ಒಬ್ಬ ಮನುಷ್ಯನ ಮೇಲೆ ಹಾಕುವುದು ಸರಿಯಲ್ಲ, ತೆಗೆಯಬೇಕು.

ಅವರ ಹೆಂಡತಿ ನಮ್ಮ ಬೀದಿಯ ತುದಿಯಲ್ಲೇ ಲಾಂಡ್ರಿ ಇಟ್ಟಿದ್ದರು. ಬಟ್ಟೆ ಕೊಡಲು ಹೋದಾಗ ವಿಷಯ ಬಂತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಕೌಂಟರಿಗೆ ಎರಡೂ ಕೈ ಊರಿ ನಕ್ಕರು. ಆಮೇಲೆ ನಗು ನಿಂತು ಮುಖ ಬಿಗಿಯಿತು.

“ಇವರು ಹಠಮಾರೀನಾ? ನೀವೇ ಹೇಳಿ. ಇಪ್ಪತ್ತಾರು ವರ್ಷ ಆಯ್ತು. ಗೋಡೆ ಬಣ್ಣ ನಾನು ಹೇಳಿದ್ದು, ಮಗಳ ಶಾಲೆ ನಾನು ಹೇಳಿದ್ದು, ಇವರ ಮೀಸೆ ತೆಗೆಸಿದ್ದೂ ನಾನೇ. ಹಠ ಹಿಡಿಯೋಕೆ ಎಷ್ಟು ಕಷ್ಟಪಡಬೇಕು ಅಂತ ನನಗೆ ಗೊತ್ತು. ನನಗೆ ಯಾವ ಕಚೇರೀನೂ ಒಂದು ಕಾಗದ ಕೊಡಲಿಲ್ಲ.”

ಅವರಿಗೆ ಬೇಸರವಾಗಿದ್ದು ಗಂಡನಿಗೆ ಅವಮಾನವಾಯಿತೆಂದೋ ತಮಗೆ ಬರಬೇಕಾದ್ದು ಅವರಿಗೆ ಹೋಯಿತೆಂದೋ ನನಗೆ ತಿಳಿಯಲಿಲ್ಲ.

ಮೊದಲ ಅರ್ಜಿಯನ್ನು ನಾನೇ ಟೈಪ್ ಮಾಡಿಕೊಟ್ಟೆ. ತಾನು ಹಠಮಾರಿ ಅಲ್ಲ, ಫಲಕದಲ್ಲಿ ಬರೆದದ್ದನ್ನು ಹೇಳಿದ್ದಷ್ಟೇ, ಹಠ ಇದ್ದರೆ ಅದು ಫಲಕದ್ದು ಅಂತ ಅವರ ವಾದ. ‘ಪರಿಶೀಲಿಸಲಾಗಿದೆ, ಬದಲಾವಣೆಗೆ ಕಾರಣ ಕಂಡುಬರುವುದಿಲ್ಲ’ ಎಂದು ಉತ್ತರ ಬಂತು. ಎರಡನೇ ಅರ್ಜಿ, ಮೂರನೇ ಅರ್ಜಿ. ಪ್ರತಿ ತಿಂಗಳ ಎರಡನೇ ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಮೆಲುದನಿಯಲ್ಲಿ ಹೇಳುವುದು, ನಾನು ಬಡಿಯುವುದು. ಏಳನೆಯ ಅರ್ಜಿಯ ಮೇಲೆ ಸೂಪರಿಂಟೆಂಡೆಂಟ್ ಮೇಡಂ ಬರೆದರು: ‘ಅರ್ಜಿದಾರರ ಅರ್ಜಿಗಳೇ ಸದರಿ ಪದಕ್ಕೆ ಸಾಕ್ಷಿಯಾಗಿರುತ್ತವೆ.’ ಎಂಟನೆಯದರಲ್ಲಿ ಆರಪ್ಪ ಕೇಳಿದರು: ‘ಒಂದೇ ಅರ್ಜಿ ಕೊಟ್ಟು ಸುಮ್ಮನಾಗಿದ್ದರೆ ಪದ ತೆಗೆಯುತ್ತಿದ್ದಿರೇ?’ ಅದಕ್ಕೆ ಉತ್ತರ ಬರಲಿಲ್ಲ. ಹದಿನಾಲ್ಕನೆಯ ಅರ್ಜಿಗೆ ಫೈಲು ಒಂದು ಗೇಣು ದಪ್ಪವಾಗಿ, ಎತ್ತಿಡುವವರಿಗೇ ಬೇಸರ ಬಂದು, ಮೂವರ ಒಂದು ಸಮಿತಿ ನೇಮಕವಾಯಿತು.

ವಿಚಾರಣೆಯ ದಿನ ಸಮಿತಿಯ ಮೂವರನ್ನೂ ಆರಪ್ಪನವರೇ ಮೇಲೆ ಕರೆದೊಯ್ದು ಬಿಟ್ಟು, ಕೆಳಗೆ ಬಂದು, ಲಿಫ್ಟಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ ಹೋದರು. ಕೆಲಸದ ಹೊತ್ತಿನಲ್ಲಿ ಸ್ವಂತ ಕೆಲಸಕ್ಕೆ ಲಿಫ್ಟು ಬಳಸುವ ಹಾಗಿಲ್ಲವಂತೆ. ನಾನು ಟಿಪ್ಪಣಿ ಬರೆದುಕೊಳ್ಳಲು ಮೂಲೆಯಲ್ಲಿ ಕೂತಿದ್ದೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ, ಬೇಗ ಮನೆಗೆ ಹೋಗುವ ಆಸೆಯಿದ್ದವರು. ನೀವು ಹಠಮಾರಿಯೇ ಅಂತ ಕೇಳಿದರು. ಅಲ್ಲ ಸರ್ ಅಂದರು ಆರಪ್ಪ. ಹಾಗಾದರೆ ಇಲ್ಲಿಗೇ ಬಿಡಬಹುದಲ್ಲ ಅಂದರು. ಆಗಲ್ಲ ಸರ್ ಅಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ರಾಜಿಯ ದಾರಿ ಹೇಳಿದರು: ಅಬ್‌ಸ್ಟಿನೇಟ್ ತೆಗೆದು ಅಲ್ಲಿ ಫರ್ಮ್ ಅಂತ ಹಾಕೋಣ.

“ಅದರ ಅರ್ಥ ಏನು ಸರ್?”

“ಹಿಡಿದದ್ದು ಬಿಡದವರು ಅಂತ.”

“ಈಗಿರೋದರ ಅರ್ಥ?”

“ಇದೂ ಅದೇ. ಆದರೆ ಇದರಲ್ಲಿ, ಹೇಳೋರಿಗೆ ನೀವು ಇಷ್ಟ ಇಲ್ಲ ಅಂತ ಗೊತ್ತಾಗುತ್ತೆ.”

ಇಷ್ಟ ಇತ್ತೋ ಇಲ್ಲವೋ ಅಂತ ಬರೆದವರನ್ನೇ ಕೇಳಿದ್ದೀರಾ ಅಂದರು ಆರಪ್ಪ. ಹದಿನಾಲ್ಕು ತಿಂಗಳಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅಧ್ಯಕ್ಷರು ಪಕ್ಕದವರ ಮುಖ ನೋಡಿದರು, ಪಕ್ಕದವರು ಫೈಲಿನ ಮುಖ ನೋಡಿದರು. ನಿವೃತ್ತರಾದವರನ್ನು ಕೇಳುವ ನಿಯಮವಿಲ್ಲ, ಆದರೆ ಪದ ತೆಗೆದರೆ ಆ ಆದೇಶದ ಒಂದು ಪ್ರತಿ, ಯಾಕೆ ತೆಗೆದೆವು ಅನ್ನುವ ಕಾರಣದ ಸಮೇತ, ಅವರಿಗೂ ಹೋಗುತ್ತದೆ ಅಂತ ಫೈಲು ತಂದಿದ್ದ ಮೇಡಂ ತಿಳಿಸಿದರು. ಸಮಿತಿ ಎರಡು ವಾರದಲ್ಲಿ ತೀರ್ಮಾನ ಹೇಳುವುದಾಗಿ ಎದ್ದಿತು.

ಆರಪ್ಪನವರಿಗೆ ಎರಡು ವಾರ ಕಾಯುವ ತಾಳ್ಮೆ ಇರಲಿಲ್ಲ. ಆ ಭಾನುವಾರ ಸಾಹೇಬರ ಮನೆಗೆ ತಾವೇ ಹೋಗಿ ಕೇಳಿಬಿಡುವುದಾಗಿ ಹೇಳಿದರು. ಮಾತು ಇಂಗ್ಲಿಷಿಗೆ ತಿರುಗಿದರೆ ಅಂತ ನನ್ನನ್ನೂ ಕರೆದರು. ಹದಿನಾಲ್ಕು ಅರ್ಜಿ ಬಡಿದವಳಿಗೆ ಕೊನೆ ನೋಡುವ ಆಸೆಯೂ ಇತ್ತು, ಹೊರಟೆ.

ಸಾಹೇಬರು ತಮ್ಮ ಅಕ್ಕನ ಜೊತೆ ನೆಲಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ಒಂದೂವರೆ ವರ್ಷದಲ್ಲಿ ತುಂಬ ಇಳಿದುಹೋಗಿದ್ದರು. ಮಂಡಿ ನೋವು, ಕೈಯಲ್ಲಿ ಕೋಲು. ಕಿಟಕಿಯ ಹತ್ತಿರ ಕೂತು ಒಂದು ಹಳೆಯ ಗಡಿಯಾರದ ಹೊಟ್ಟೆ ಬಿಚ್ಚಿ, ಚಕ್ರಗಳನ್ನು ಬಟ್ಟಲಲ್ಲಿ ಹಾಕಿಕೊಂಡಿದ್ದರು. ಆರಪ್ಪನವರನ್ನು ಕಂಡ ಕೂಡಲೇ ಗುರುತು ಹಿಡಿದು, ಅಕ್ಕನನ್ನು ಕೂಗಿ, ನಾಲ್ಕು ಮಹಡಿ ಹತ್ತಿಸಿದ್ದು ಇವರೇ ನೋಡು ಅಂತ ತೋರಿಸಿದರು. ಅಕ್ಕ ಟೀ ತಂದಿಟ್ಟು, ಆ ಕಥೆ ದಿನಾ ಕೇಳುತ್ತಿದ್ದೇನೆ ಅಂತ ಒಳಗೆ ಹೋದರು.

ಆರಪ್ಪ ಕುರ್ಚಿಯ ತುದಿಯಲ್ಲಿ ಕೂತು ಶುರು ಮಾಡಿದರು. “ಸರ್, ನನ್ನ ಬಗ್ಗೆ ಒಂದು ಪದ ಬರೆದಿದ್ರಿ.”

“ಬರೆದಿದ್ದೆ” ಅಂದರು ಸಾಹೇಬರು. ಮುಖ ಅರಳಿತು. “ಥ್ಯಾಂಕ್ಸ್ ಹೇಳೋಕೆ ಬಂದ್ರಾ? ಅಷ್ಟು ದೂರದಿಂದ ಯಾಕೆ ಬರೋಕೆ ಹೋದ್ರಿ?”

ಆರಪ್ಪ ನನ್ನ ಮುಖ ನೋಡಿದರು. ನಾನು ಟೀ ಲೋಟ ನೋಡಿದೆ.

ಸಾಹೇಬರಿಗೆ ಮಾತಾಡುವ ಉಮೇದು ಬಂದಿತ್ತು. ಆ ದಿನ ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯ ತನಕ ಮೈಯೆಲ್ಲ ಉರಿಯುತ್ತಿತ್ತಂತೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ, ತೂಕದ ಕಚೇರಿಯಲ್ಲಿ ಕೊನೆಗೂ ಒಬ್ಬ ನೆಟ್ಟಗೆ ನಿಲ್ಲುವ ಮನುಷ್ಯ ಸಿಕ್ಕನಲ್ಲ ಅಂತ ಅನ್ನಿಸಿತಂತೆ. ಅದಕ್ಕೇ ತಮ್ಮ ಅತ್ಯಂತ ದೊಡ್ಡ ಪದವನ್ನು ತೆಗೆದು ಕೊಟ್ಟರಂತೆ.

ಆ ಪದ ಅವರಿಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಮೇಲಧಿಕಾರಿಯ ಮೇಜಿನ ಮೇಲೆ ತಮ್ಮದೇ ವರದಿ ಬಿದ್ದಿತ್ತು, ಎದುರು ನಿಂತು ತಲೆಕೆಳಗಾಗಿ ಓದಿದರು. ಆ ಪದ ಕಂಡಿತು. ಮುಂದಿನ ವರ್ಷವೇ ಬಡ್ತಿ ಬಂತು.

“ಎಲ್ಲಕ್ಕಿಂತ ದೂರದ ಶಾಖೆಗೆ, ಬಡ್ತಿ ಕೊಟ್ಟು ಕಳಿಸಿದ್ರು. ಅಲ್ಲಿಗೆ ನನ್ನಂಥವನೇ ಬೇಕು ಅಂದ್ರಂತೆ.”

ಡಿಕ್ಷನರಿ ನೋಡಲಿಲ್ಲವೇ ಸರ್ ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

“ಹೊಗಳಿದ ಪದಕ್ಕೆ ಯಾರಾದ್ರೂ ಡಿಕ್ಷನರಿ ನೋಡ್ತಾರೇನಮ್ಮಾ?”

ಆಮೇಲೆ ಮೂವತ್ತು ವರ್ಷ ಅವರು ಆ ಪದವನ್ನು ಜೋಪಾನ ಮಾಡಿದ್ದರು. ಸಿಕ್ಕಸಿಕ್ಕವರಿಗೆ ಕೊಡಲಿಲ್ಲ. ಒಟ್ಟು ಒಂಬತ್ತು ಜನಕ್ಕೆ, ಆರಪ್ಪ ಒಂಬತ್ತನೆಯವರು. ಬೆರಳು ಮಡಚುತ್ತಾ ಒಬ್ಬೊಬ್ಬರದೂ ಹೇಳಿದರು. ದೊಡ್ಡ ವ್ಯಾಪಾರಿಯ ಸುಳ್ಳು ತಕ್ಕಡಿಗೆ ಮುದ್ರೆ ಒತ್ತದ ಪರೀಕ್ಷಕ, ಮಂತ್ರಿಯ ಕಡೆಯವರು ಬಂದರೂ ಸಾಲು ತಪ್ಪಿಸಲು ಬಿಡದ ಗುಮಾಸ್ತೆ, ಎಲ್ಲ ಚಿನ್ನದಂಥವರು.

“ಒಬ್ಬರಿಗೂ ಬಡ್ತಿ ಬರಲಿಲ್ಲ ನೋಡಿ” ಅಂದರು. “ನನ್ನ ಕೈಲಾದಷ್ಟು ಬರೆದೆ. ಲೋಕಕ್ಕೆ ಒಳ್ಳೆಯವರು ಬೇಕಾಗಿಲ್ಲ.”

ಬಟ್ಟಲಿನ ಚಕ್ರಗಳನ್ನು ಅವರು ಸುಮ್ಮನೆ ಕದಡುತ್ತಿದ್ದರು. ಆ ಎಂಟು ಜನಕ್ಕೂ ಎಂದೋ ನೋಟೀಸು ಹೋಗಿರಬೇಕು, ಅವರೆಲ್ಲ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋಗಿರಬೇಕು ಅಂತ ನಾನು ಯೋಚಿಸುತ್ತಿದ್ದೆ. ಅವರಲ್ಲಿ ಒಬ್ಬರೂ ಹಠಮಾರಿಗಳಲ್ಲ.

ಸಾಹೇಬರು ಚಕ್ರ ಬಿಟ್ಟು ನಮ್ಮ ಮುಖ ನೋಡಿದರು. ಆರಪ್ಪನವರ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು: “ಯಾಕೆ, ಅದರಿಂದ ಏನಾದ್ರೂ ತೊಂದರೆ ಆಯ್ತಾ? ಒಳ್ಳೆ ಪದ ತಾನೆ?”

ಇಪ್ಪತ್ತು ವರ್ಷ ಏಳನೆಯ ತಲೆಯನ್ನು ಒಳಗೆ ಬಿಡದ ಮನುಷ್ಯ. ಸಾಹೇಬರ ಮುಖವನ್ನು ಒಂದು ಕ್ಷಣ ನೋಡಿದರು.

“ಒಳ್ಳೆ ಪದ ಸರ್. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು. ಅದಕ್ಕೇ ಬಂದೆ.”

ಸಾಹೇಬರು ನನ್ನ ಕಡೆ ತಿರುಗಿದರು. ಟೈಪ್ ಮಾಡಿದವರಲ್ಲವೇ, ನೀವೇನಂತೀರಿ ಅಂದರು. ಸ್ಪೆಲಿಂಗ್ ಸ್ವಲ್ಪ ಕಷ್ಟ ಸರ್ ಅಂದೆ. ಅವರು ಮನಸಾರೆ ನಕ್ಕರು.

ವಾಪಸು ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಜಗಳ ತೆಗೆದೆ. ಎಂಟು ಜನರ ಬಾಳು ಆ ಒಂದು ಪದದಿಂದ ಕುಂಟಿದೆ, ಅವರಿಗೆ ಗೊತ್ತಾಗಬೇಕಿತ್ತು ಅಂದೆ. ಆರಪ್ಪ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

“ಅವರೆಲ್ಲ ರಿಟೈರಾಗಿರ್ತಾರೆ ಮೇಡಂ. ಅವರಿಗೆ ಬಡ್ತಿ ವಾಪಸ್ ಬರಲ್ಲ. ಇವರಿಗೆ ಮಾತ್ರ ನಿದ್ದೆ ಹೋಗುತ್ತೆ.”

ಅದು ಸರಿಯೆಂದು ನನಗೆ ಇವತ್ತಿಗೂ ಪೂರ್ತಿ ಅನ್ನಿಸಿಲ್ಲ. ಅವತ್ತು ಹಾಗೇ ಹೇಳಿದೆ. ಇಳಿಯುವ ಮುಂಚೆ ಅವರು, ನಾಳೆ ಒಂದು ಅರ್ಜಿ ಟೈಪ್ ಮಾಡಿಕೊಡಬೇಕು, ಇದೇ ಕೊನೆಯದು ಅಂದರು.

ಸೋಮವಾರ ಮಾಡಿಕೊಟ್ಟ ಹದಿನೈದನೆಯ ಅರ್ಜಿ ಎರಡು ಸಾಲಿನದು. ಹಿಂದಿನ ಹದಿನಾಲ್ಕೂ ವಾಪಸು ಪಡೆಯುತ್ತೇನೆ, ಪದ ಇದ್ದ ಹಾಗೇ ಇರಲಿ.

ಅಧ್ಯಕ್ಷರು ಅವರನ್ನು ಮೇಲಕ್ಕೆ ಕರೆಸಿದರು. ಅವರ ಮುಂದೆ ಆಗಲೇ ಸಮಿತಿಯ ಆದೇಶ ಸಿದ್ಧವಾಗಿತ್ತು: ಪದ ತೆಗೆಯಬೇಕು, ಅರ್ಥ ಸರಿಯಾಗಿ ತಿಳಿಯದೆ ಬರೆದಂತೆ ಕಾಣುತ್ತದೆ, ಬರೆದ ಅಧಿಕಾರಿಗೆ ಒಂದು ಪ್ರತಿ. ರುಜು ಮಾತ್ರ ಬಾಕಿ.

“ನೀವು ಗೆದ್ದಿದ್ದೀರಿ ಮಾರಾಯರೇ. ಇದನ್ನ ತಗೊಂಡು ಹೋಗಿ.”

“ಬೇಡ ಸರ್.”

“ಯಾಕೆ?”

“ಬೇಡ ಸರ್.”

ಅರ್ಜಿ ವಾಪಸು ಪಡೆಯಲು ಕಾರಣ ಬರೆಯಬೇಕು ಅಂದರು ಮೇಡಂ. ಆರಪ್ಪ ಬರೆಯುವುದಿಲ್ಲ ಅಂದರು. ಬೆದರಿಸಿದ್ದಾರೆಯೇ, ಆಸೆ ತೋರಿಸಿದ್ದಾರೆಯೇ ಅಂತ ಅಧ್ಯಕ್ಷರು ಮೆತ್ತಗೆ ಕೇಳಿದರು. ಇಲ್ಲ ಅಂದರು. ಟಿಪ್ಪಣಿ ಪುಸ್ತಕ ಹಿಡಿದು ನಾನು ಅಲ್ಲೇ ಕೂತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ಅರ್ಧ ಗಂಟೆಯ ನಂತರ ಅಧ್ಯಕ್ಷರು ತಾವೇ ಬರೆದ ಆದೇಶವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ನನಗೆ ಹೊಸದನ್ನು ಹೇಳಿ ಬರೆಸಿದರು: ‘ಅರ್ಜಿದಾರರು ತಮ್ಮ ಪರವಾಗಿದ್ದ ತೀರ್ಮಾನವನ್ನು ಸ್ವೀಕರಿಸಲು ಕಾರಣ ತಿಳಿಸದೆ ನಿರಾಕರಿಸಿದ್ದು, ಸದರಿ ಪದವು ಸೂಕ್ತವಾಗಿದೆಯೆಂದು ಸಮಿತಿಯು ಅಭಿಪ್ರಾಯಪಡುತ್ತದೆ.’ ಇಷ್ಟು ದಿನ ಕೂತದ್ದಕ್ಕೆ ಏನಾದರೂ ಶಿಫಾರಸು ಇರಲಿ ಅಂತ, ಮಹಡಿಗೊಂದು ನಿಘಂಟು ಕೊಳ್ಳಬೇಕೆಂದೂ ಸೇರಿಸಿದರು. ಐದು ನಿಘಂಟು ಬಂದವು. ನಾಲ್ಕನೇ ಮಹಡಿಯದನ್ನು ಕಿಟಕಿ ಬಡಿಯದಂತೆ ಅಡ್ಡ ಇಟ್ಟಿದ್ದಾರೆ.

ಆದೇಶದ ಪ್ರತಿಗೆ ಆರಪ್ಪ ರುಜು ಹಾಕಿ, ಓದದೆ ಮಡಚಿ ಜೇಬಿಗಿಟ್ಟುಕೊಂಡರು. ಎರಡು ವರ್ಷದ ಮೇಲೆ ನಿವೃತ್ತರಾದರು. ಆ ಪದದಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಲಿಫ್ಟು ನಡೆಸುವವರಿಗೆ ಬಡ್ತಿ ಅನ್ನುವುದೇ ಇರಲಿಲ್ಲ, ಅದನ್ನು ಅಷ್ಟೂ ತಿಂಗಳಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ. ತಿಂಗಳಿಗೊಂದು ಭಾನುವಾರ ಸಾಹೇಬರ ಮನೆಗೆ ಹೋಗಿ ಗಡಿಯಾರದ ಚಕ್ರ ಹಿಡಿದುಕೊಡುತ್ತಾರೆಂದು ಕೇಳಿದ್ದೇನೆ.

ಉಳಿದ ದಿನ ಹೆಂಡತಿಯ ಲಾಂಡ್ರಿಯಲ್ಲಿರುತ್ತಾರೆ. ಕಾಲರು ಮೊದಲು ಅಂದರೆ ಕಾಲರು, ತೋಳು ಮೊದಲು ಅಂದರೆ ತೋಳು, ಹೇಳಿದ ಹಾಗೆ ಇಸ್ತ್ರಿ ಮಾಡುತ್ತಾರೆ. ಹೋದ ವಾರ ನಾನು ಬಟ್ಟೆ ತರಲು ಹೋದಾಗ ಅವರಿರಲಿಲ್ಲ. ಹೆಂಡತಿ ಹೊರಗೆ ಇಣುಕಿ ನೋಡಿ, ನನ್ನ ಹತ್ತಿರ ಸರಿದರು.

“ಗೆದ್ದಿದ್ದನ್ನ ಯಾಕೆ ಬಿಟ್ಟುಬಂದ್ರಿ ಅಂತ ಇವತ್ತಿಗೂ ಕೇಳ್ತಾ ಇದೀನಿ. ಬಾಯಿ ಬಿಡಲ್ಲ. ಇಷ್ಟು ವರ್ಷದಲ್ಲಿ ನಾನು ಕೇಳಿ ಹೇಳದೆ ಇದ್ದಿದ್ದು ಇದೊಂದೇ. ನಿಮಗೆ ಗೊತ್ತಿರುತ್ತೆ, ಹೇಳಿ.”

ಕೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗಂಡನನ್ನು ಹೊಸದಾಗಿ ನೋಡಿದಂಥ ಒಂದು ಬಗೆಯ ಹೆಮ್ಮೆ ಇತ್ತು. ನಾನು ಬಟ್ಟೆ ಎಣಿಸಿಕೊಂಡು, ದಿಂಬಿನ ಚೀಲ ಒಂದು ಕಮ್ಮಿ ಇದೆ ಅಂದೆ. ಅವರು ಹುಡುಕಲು ಒಳಗೆ ಹೋದರು.